ಇಬ್ಬರು ಸೇರಿ ‘ಒಲ್ಲೆ’ ಅಂದರೆ ದಂಗೆ

ನಮ್ಮ ಟೀಮ್‌ನ ಆರು ಜನ ಸೇರಿ ಮ್ಯಾನೇಜರ್‌ಗೆ ‘ಈ ಶನಿವಾರ ನಾವು ಬರಲ್ಲ’ ಅಂತ ಒಂದೇ ಮೇಲ್ ಹಾಕಿದರೆ ಏನಾಗಬಹುದು? ಎಚ್‌ಆರ್ ಕರೆದು ಮಾತಾಡ್ತಾರೆ. ಅಪ್ರೈಸಲ್ ಹೊತ್ತಿಗೆ ಯಾರಾದರೂ ಅದನ್ನ ನೆನಪಿಸಿಕೊಳ್ಳಬಹುದು. ಪೊಲೀಸರಂತೂ ಬರಲ್ಲ. ಇದೇ ಮಾತನ್ನು ನೌಕಾಪಡೆಯ ಹಡಗಿನಲ್ಲಿ ಇಬ್ಬರು ಸೇರಿ, ಶಿಸ್ತು ಕದಡುವ ಹಾಗೆ ಹೇಳಿದರೆ ಕಾನೂನಿನಲ್ಲಿ ಅದರ ಹೆಸರು ದಂಗೆ. ಅದಕ್ಕೆ ಗರಿಷ್ಠ ಶಿಕ್ಷೆ ಮರಣದಂಡನೆ.

ನಾನು ಕೋಡ್ ಬರೆಯುವವನು, ವಕೀಲ ಅಲ್ಲ. ನಮ್ಮೂರು ಭಾತಂಬ್ರಾ, ಭಾಲ್ಕಿ ತಾಲ್ಲೂಕು. ಸಮುದ್ರ ನೋಡಬೇಕು ಅಂದರೆ ಆರು ನೂರು ಕಿಲೋಮೀಟರ್ ಆಸುಪಾಸು ಹೋಗಬೇಕು. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇರುವುದರಿಂದ ತಲೆ ಎತ್ತಿದರೆ ವಿಮಾನ ಕಾಣುತ್ತೆ, ಹಡಗು ಮಾತ್ರ ಮೊಬೈಲ್‌ನಲ್ಲೇ. ಇಂಥ ಊರಿನ ನನಗೆ ಹಡಗಿನ ದಂಗೆಯ ಕಾನೂನು ಯಾಕೆ ಬೇಕಾಯಿತು ಅಂದರೆ, ನಮ್ಮ ಕಾಕಾನ ಮಗನಿಂದ.

ಅವನಿಗೆ ಇಪ್ಪತ್ಮೂರು ವರ್ಷ. ಆರು ತಿಂಗಳ ಜಿ.ಪಿ. ರೇಟಿಂಗ್ ಕೋರ್ಸ್ ಮುಗಿಸಿ ಸಣ್ಣ ಸರಕು ಹಡಗೊಂದರಲ್ಲಿ ಕೆಳಗಿನ ದರ್ಜೆಯ ಡೆಕ್ ಕೆಲಸಕ್ಕೆ ಸೇರಿದ್ದ. ಕೋರ್ಸಿಗೂ ಏಜೆಂಟನಿಗೂ ಸೇರಿ ಖರ್ಚಾದ ದುಡ್ಡಿಗಾಗಿ ಕಾಕಾ ತೊಗರಿ ಹೊಲ ಅಡ ಇಟ್ಟಿದ್ದರು. ಕಳೆದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಬಂತು.

“ಅಣ್ಣಾ, ಮೂರು ತಿಂಗಳ ಪಗಾರ ಆಗಿಲ್ಲ. ನಾಳಿಂದ ಯಾರೂ ಕೆಲಸ ಮಾಡಬಾರದಂತ ಎಂಟೂ ಮಂದಿ ಮಾತಾಡೀವಿ. ಕ್ಯಾಪ್ಟನ್ ‘ಇದು ಮ್ಯೂಟಿನಿ, ಬಂದರಿಗೆ ಹೋದ ಕೂಡ್ಲೆ ಜೈಲಿಗೆ ಹಾಕಸ್ತೀನಿ’ ಅಂತಾನ. ಖರೇ ಏನು?”

ಹಡಗು ಕೊಲ್ಲಿ ದೇಶವೊಂದರ ಬಂದರಿನ ಹೊರಗೆ ಲಂಗರು ಹಾಕಿ ನಿಂತಿತ್ತು. ‘ಬೆಳಗ್ಗೆ ತನಕ ಏನೂ ಮಾಡಬ್ಯಾಡ್ರಿ, ಓದಿ ಹೇಳ್ತೀನಿ’ ಅಂತ ಬರೆದು ಲ್ಯಾಪ್‌ಟಾಪ್ ತೆಗೆದೆ. ಅವತ್ತು ರಾತ್ರಿ ಮತ್ತು ಮುಂದಿನ ಕೆಲವು ವಾರ ಓದಿದ್ದರಲ್ಲಿ ನಿಮಗೂ ಉಪಯೋಗ ಆಗುವುದನ್ನು ಇಲ್ಲಿ ಹೇಳ್ತಿದ್ದೇನೆ. ನಿಮ್ಮ ಮನೆಯಿಂದಲೂ ಯಾರಾದರೂ ಮರ್ಚೆಂಟ್ ನೇವಿಗೋ ಅಗ್ನಿವೀರ್ ಆಗಿ ನೌಕಾಪಡೆಗೋ ಹೊರಟಿರಬಹುದು.

ಮೊದಲು ತಿಳಿದದ್ದು, ಹಡಗಿನ ದಂಗೆಗೆ ಒಂದೇ ಕಾನೂನು ಇಲ್ಲ. ಯುದ್ಧನೌಕೆಗೆ ಒಂದು, ಸರಕು ಹಡಗಿಗೆ ಇನ್ನೊಂದು. ಎರಡಕ್ಕೂ ಅಜಗಜಾಂತರ. ಜನ ಇವೆರಡನ್ನೂ ಬೆರೆಸಿಬಿಡ್ತಾರೆ. ತಮ್ಮನನ್ನು ಹೆದರಿಸಿದ ಕ್ಯಾಪ್ಟನ್ ಕೂಡ ಅದನ್ನೇ ಮಾಡಿದ್ದು, ಬೇಕಂತಲೇ ಅಂತ ನನ್ನ ಅನುಮಾನ.

ಯುದ್ಧನೌಕೆಯ ವಿಷಯ ನೌಕಾಪಡೆ ಕಾಯ್ದೆ 1957ರಲ್ಲಿದೆ. ದಂಗೆ ಅಂದರೇನು ಅಂತ 42ನೇ ಕಲಂ ಹೇಳುತ್ತೆ. ಇಬ್ಬರು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ ಪಡೆಯ ಅಧಿಕಾರವನ್ನು ಎದುರಿಸುವುದು ದಂಗೆ. ಶಿಸ್ತು ಕೆಡುವಂಥ ಸಂದರ್ಭದಲ್ಲಿ ಆಜ್ಞೆ ಮೀರುವುದು ದಂಗೆ. ಅಂಥದೇ ಸಂದರ್ಭದಲ್ಲಿ ಅಧಿಕಾರಕ್ಕೆ ಅಗೌರವ ತೋರುವುದೂ ದಂಗೆಯೇ. ಆಯುಧ ಹಿಡಿಯಬೇಕಾಗಿಲ್ಲ, ಹಡಗು ಕಬಳಿಸಬೇಕಾಗಿಲ್ಲ. ಒಬ್ಬನೇ ‘ಒಲ್ಲೆ’ ಅಂದರೆ ಅವಿಧೇಯತೆ, ಪಕ್ಕದವನೂ ದನಿಗೂಡಿಸಿದರೆ ಅಪರಾಧದ ಹೆಸರೇ ಬದಲು.

43ನೇ ಕಲಂ ಶಿಕ್ಷೆಯದ್ದು. ದಂಗೆ ಸೇರಿದವನಿಗೆ, ಹಚ್ಚಿದವನಿಗೆ, ಸಂಚು ಮಾಡಿದವನಿಗೆ ಮರಣದಂಡನೆ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆ. ನನಗೆ ಗಕ್ಕನೆ ತಟ್ಟಿದ್ದು ಆ ಪಟ್ಟಿಯ ಕೊನೆಯ ಭಾಗ. ದಂಗೆ ತಡೆಯಲು ತನ್ನ ಕೈಲಾದಷ್ಟೂ ಪ್ರಯತ್ನ ಮಾಡದವನು, ಗೊತ್ತಿದ್ದೂ ಮೇಲಿನವರಿಗೆ ತಿಳಿಸದವನು, ಇವರಿಬ್ಬರೂ ಅದೇ ಕಲಂನಲ್ಲಿ ಬರ್ತಾರೆ. ಅಂದರೆ ಹಾಸಿಗೆಯಲ್ಲಿ ಮಲಗಿ ‘ನನಗ್ಯಾಕೆ ಬೇಕು ಈ ಉಸಾಬರಿ’ ಅಂದುಕೊಂಡವನೂ ಸಿಕ್ಕಿಬೀಳಬಹುದು.

ಹೊರಗಿನವರಿಗೂ ವಿನಾಯಿತಿ ಇಲ್ಲ. ನಾವಿಕನನ್ನು ದಂಗೆಗೆ ಪ್ರಚೋದಿಸುವ ನಾಗರಿಕನಿಗೆ ಹಳೆಯ ದಂಡ ಸಂಹಿತೆಯಲ್ಲಿ 131, 132ನೇ ಕಲಂಗಳಿದ್ದವು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 159 ಮತ್ತು 160 ಆಗಿವೆ. ಪ್ರಚೋದನೆಯಿಂದ ನಿಜಕ್ಕೂ ದಂಗೆ ಎದ್ದರೆ ಅಲ್ಲಿಯೂ ಮರಣದಂಡನೆಗೆ ಅವಕಾಶ ಇದೆ. ನಾವು ಮೀಮ್ ಫಾರ್ವರ್ಡ್ ಮಾಡುವ ಹಗುರತನದಲ್ಲಿ ಸೈನಿಕರಿಗೆ ಏನೇನೋ ಕಳಿಸುವ ಕಾಲ ಇದು, ಗೊತ್ತಿರಲಿ.

ಇಷ್ಟು ಬಿಗಿ ಯಾಕೆ? ಒಂದು ಉತ್ತರ ಸುಲಭ. ನಡುನೀರಿನಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದವರು ಬರಲ್ಲ, ಹಡಗಿನವರೇ ಆರಿಸಿಕೊಳ್ಳಬೇಕು. ಆ ಗಳಿಗೆಯಲ್ಲಿ ಚರ್ಚೆ, ವೋಟಿಂಗ್ ಶುರುವಾದರೆ ಎಲ್ಲರೂ ಮುಳುಗ್ತಾರೆ. ಈ ವಾದ ನಾನು ಒಪ್ಪುತ್ತೇನೆ. ಸಂವಿಧಾನವೂ ಒಪ್ಪಿದೆ. ಸಂಘ ಕಟ್ಟುವ ಹಕ್ಕು ನಮಗೆಲ್ಲ ಇದ್ದರೂ, ಸಶಸ್ತ್ರ ಪಡೆಗಳ ಮಟ್ಟಿಗೆ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ನಾವಿಕ ಕಾರ್ಮಿಕ ಸಂಘ ಸೇರುವಂತಿಲ್ಲ.

ಆದರೆ ಬೆಂಕಿ ಬಿದ್ದಾಗಿನ ‘ಒಲ್ಲೆ’ ಬೇರೆ, ಹುಳುಬಿದ್ದ ಬೇಳೆ ತಟ್ಟೆಗೆ ಬಿದ್ದಾಗಿನ ‘ಒಲ್ಲೆ’ ಬೇರೆ. ಕಾನೂನು ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ ಏನಾಗುತ್ತೆ ಅಂತ ನೋಡಲು ಮುಂಬೈಗೆ ಹೋಗಬೇಕು, 1946ಕ್ಕೆ.

ಆಗ ನಮ್ಮ ಬೀದರ್ ನಿಜಾಮನ ರಾಜ್ಯದಲ್ಲಿತ್ತು. ಮುಂಬೈಯ ಕೊಲಾಬಾದಲ್ಲಿ ‘ತಲ್ವಾರ್’ ಅಂತ ರಾಯಲ್ ಇಂಡಿಯನ್ ನೇವಿಯ ಕೇಂದ್ರ. ಹೆಸರು ಹಡಗಿನದ್ದಾದರೂ ಅದು ದಡದ ಮೇಲಿದ್ದ ಸಿಗ್ನಲ್ ತರಬೇತಿ ಶಾಲೆ. ಓದು ಬರಹ ಬಲ್ಲ, ಇಂಗ್ಲಿಷ್ ಗೊತ್ತಿದ್ದ, ವೈರ್‌ಲೆಸ್ ನಡೆಸುವ ಹುಡುಗರು. ಅವತ್ತಿನ ಟೆಕ್ಕಿಗಳು ಅನ್ನಿ. ಊಟ ಕೆಟ್ಟದು, ಪಗಾರ ಬ್ರಿಟಿಷ್ ನಾವಿಕರಿಗಿಂತ ತೀರಾ ಕಡಿಮೆ, ಯುದ್ಧ ಮುಗಿದಿದ್ದರಿಂದ ನೌಕರಿ ಉಳಿಯುವ ಭರವಸೆಯೂ ಇಲ್ಲ. ಮೇಲಿಂದ ಕಮಾಂಡರ್ ಕಿಂಗ್ ಎಂಬ ಅಧಿಕಾರಿಯ ಜನಾಂಗದ್ವೇಷದ ಬೈಗುಳ. ಫೆಬ್ರುವರಿ ಆರಂಭದಲ್ಲೇ ಬಲಾಯ್ ಚಂದ್ ದತ್ ಎಂಬ ಯುವಕ ಗೋಡೆ ಮೇಲೆ ‘ಕ್ವಿಟ್ ಇಂಡಿಯಾ’, ‘ಜೈ ಹಿಂದ್’ ಬರೆದು ಸಿಕ್ಕಿಬಿದ್ದಿದ್ದ.

ಫೆಬ್ರುವರಿ 18ರ ಬೆಳಗ್ಗೆ ತಲ್ವಾರ್‌ನ ಹುಡುಗರು ನಾಷ್ಟಾ ಮುಟ್ಟಲಿಲ್ಲ. ‘ಊಟ ಇಲ್ಲ, ಕೆಲಸ ಇಲ್ಲ’ ಅಂದರು. ಅವರೇ ಬಳಸಿದ ಪದ ಮುಷ್ಕರ. ಮರುದಿನ ಕಟ್ಟಿದ ಸಮಿತಿಯ ಹೆಸರೂ ನೌಕಾ ಕೇಂದ್ರ ಮುಷ್ಕರ ಸಮಿತಿ. ಎಂ.ಎಸ್. ಖಾನ್ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷ. ಕೆಲವೇ ದಿನಗಳಲ್ಲಿ ಕರಾಚಿಯಿಂದ ಕಲ್ಕತ್ತಾ ತನಕ 78 ಹಡಗು, ದಡದ ಮೇಲಿನ 20 ಕೇಂದ್ರ, ಸುಮಾರು 20,000 ನಾವಿಕರು ಸೇರಿದರು. ಹಡಗುಗಳ ಮೇಲೆ ಬ್ರಿಟಿಷ್ ಬಾವುಟ ಇಳಿದು ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೆ ಏರಿದವು. ಮೂರೂ ಒಟ್ಟಿಗೆ! ಆ ವರ್ಷದ ಉಳಿದ ಇತಿಹಾಸ ಗೊತ್ತಿದ್ದವರಿಗೆ ಇದು ಎಷ್ಟು ಅಪರೂಪ ಅಂತ ಅರ್ಥವಾಗುತ್ತೆ.

ಸರ್ಕಾರದ ಕಡತದಲ್ಲಿ ಮಾತ್ರ ಅದು ಮುಷ್ಕರ ಅಲ್ಲ, ದಂಗೆ. ಬ್ರಿಟಿಷರ ನೌಕಾ ಶಿಸ್ತಿನ ಕಾನೂನನ್ನು ಇಲ್ಲಿಗೆ ಅನ್ವಯಿಸಿದ 1934ರ ಕಾಯ್ದೆ ಜಾರಿಯಲ್ಲಿತ್ತು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಗಾಡ್‌ಫ್ರೆ, ಇಡೀ ನೌಕಾಪಡೆ ನಾಶವಾದರೂ ಸರಿ ಶರಣಾಗಿ ಅಂತ ರೇಡಿಯೋದಲ್ಲಿ ಎಚ್ಚರಿಸಿದ. ಮುಂಬೈಯ ಕ್ಯಾಸಲ್ ಬ್ಯಾರಕ್ಸ್‌ನಲ್ಲಿ, ಕರಾಚಿಯ ‘ಹಿಂದುಸ್ತಾನ್’ ಹಡಗಿನಲ್ಲಿ ಗುಂಡು ಹಾರಿದವು. ನಾವಿಕರ ಪರ ಬೀದಿಗಿಳಿದ ಮುಂಬೈ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅರುಣಾ ಅಸಫ್ ಅಲಿ ನಾವಿಕರ ಬೆನ್ನಿಗೆ ನಿಂತರು, ಸರ್ದಾರ್ ಪಟೇಲರು ಶರಣಾಗಿ ಎಂದು ಸಲಹೆ ಕೊಟ್ಟರು. ಫೆಬ್ರುವರಿ 23ರಂದು ಎಲ್ಲ ಮುಗಿಯಿತು.

ಆಮೇಲೆ ಕೂತ ವಿಚಾರಣಾ ಆಯೋಗಕ್ಕೆ ನ್ಯಾಯಮೂರ್ತಿ ಫಜಲ್ ಅಲಿ ಅಧ್ಯಕ್ಷರು. ಸದಸ್ಯರಲ್ಲಿ ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಮೆಹರ್ ಚಂದ್ ಮಹಾಜನ್ ಒಬ್ಬರು. ಕೆಟ್ಟ ಊಟ, ಅವಮಾನ, ತಾರತಮ್ಯ ಇದ್ದದ್ದು ನಿಜ ಅಂತ ಆಯೋಗದ ಮುಂದೆ ಬಂತು. ಅಷ್ಟರಲ್ಲಿ ಹುಡುಗರ ನೌಕರಿ ಹೋಗಿತ್ತು. 476 ಮಂದಿಯನ್ನು ಪಡೆಯಿಂದ ತೆಗೆದರು. ಸ್ವಾತಂತ್ರ್ಯ ಬಂದ ಮೇಲೆ ಭಾರತವೂ ಅವರನ್ನು ನೌಕಾಪಡೆಗೆ ವಾಪಸ್ ಕರೆಯಲಿಲ್ಲ, ಪಾಕಿಸ್ತಾನವೂ ಕರೆಯಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರು ಎಂಬ ಮನ್ನಣೆ ಸಿಗಲು ಎಪ್ಪತ್ತರ ದಶಕ ಬರಬೇಕಾಯಿತು. ಇವತ್ತು ಕೊಲಾಬಾದಲ್ಲಿ ಅವರ ಸ್ಮಾರಕ ಇದೆ. ಹೊಸ ದೇಶವೂ ತನ್ನ ಹಡಗುಗಳಿಗೆ ಅದೇ ಗಟ್ಟಿ ಕಾನೂನು ಬೇಕು ಅಂದುಕೊಂಡು, ಹನ್ನೊಂದು ವರ್ಷಕ್ಕೆ 1957ರ ಕಾಯ್ದೆ ಮಾಡಿತು. ಬ್ರಿಟನ್ 1998ರಲ್ಲಿ ಸೇನಾ ಅಪರಾಧಗಳಿಗೂ ಮರಣದಂಡನೆ ತೆಗೆದುಹಾಕಿತು. ನಮ್ಮಲ್ಲಿ ಇನ್ನೂ ಇದೆ.

ಈಗ ತಮ್ಮನ ಹಡಗಿಗೆ ಬರೋಣ. ಅದು ಸರಕು ಹಡಗು, ಅವನು ಸೈನಿಕ ಅಲ್ಲ, ಕಂಪನಿಯ ನೌಕರ. ನೌಕಾಪಡೆ ಕಾಯ್ದೆ ಅವನನ್ನು ಮುಟ್ಟಲ್ಲ. ಆ ರಾತ್ರಿ ಒಂದೂವರೆ ಗಂಟೆಗೆ ನಾನು ಅವನಿಗೆ ಕಳಿಸಿದ ಮೊದಲ ಸಾಲು ಇದೇ: “ಫಾಸಿ-ಗೀಸಿ ಏನಿಲ್ಲ, ಮಲ್ಕೊ.”

ಹಾಗಂತ ಪೂರ್ತಿ ಬಿಡುಗಡೆಯೂ ಇಲ್ಲ. ನಮ್ಮ ವಾಣಿಜ್ಯ ಹಡಗು ಕಾಯ್ದೆ 1958ರ 194ನೇ ಕಲಂ ಓದಿ. ಹಡಗಿನ ಇತರರ ಜೊತೆ ಸೇರಿ ಕಾನೂನುಬದ್ಧ ಆಜ್ಞೆ ಮೀರುವುದು, ಕರ್ತವ್ಯ ಬಿಡುವುದು, ಹಡಗಿನ ಸಂಚಾರಕ್ಕೆ ಅಡ್ಡಿ ಮಾಡುವುದು ಅಪರಾಧ. ‘ದಂಗೆ’ ಅನ್ನೋ ಪದ ಆ ಕಲಂನಲ್ಲಿ ಇಲ್ಲ, ಶಿಕ್ಷೆಯೂ ಯುದ್ಧನೌಕೆಯ ಹತ್ತಿರಕ್ಕೆ ಬರಲ್ಲ. ಆದರೆ ‘ಜೊತೆ ಸೇರಿ’ ಅನ್ನುವುದು ಇಲ್ಲಿಯೂ ಇದೆ. ಫ್ಯಾಕ್ಟರಿಯಲ್ಲಾದರೆ ಇದೇ ‘ಜೊತೆ ಸೇರಿ’ ಯೂನಿಯನ್ನಿನ ತಾಯಿಬೇರು. ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಪಗಾರ ನಿಂತರೆ ಗೇಟಿನ ಮುಂದೆ ಕೂರಬಹುದು, ಹಡಗಿಗೆ ಗೇಟೇ ಇಲ್ಲ.

ಅಮೆರಿಕದಲ್ಲಿ ಇದು ಸುಪ್ರೀಂ ಕೋರ್ಟ್ ತನಕ ಹೋಗಿತ್ತು. 1938ರಲ್ಲಿ ‘ಸಿಟಿ ಆಫ್ ಫೋರ್ಟ್ ವರ್ತ್’ ಎಂಬ ಹಡಗಿನ ಸಿಬ್ಬಂದಿ, ಚುನಾವಣೆ ಗೆದ್ದ ತಮ್ಮ ಯೂನಿಯನ್ನನ್ನು ಕಂಪನಿ ಒಪ್ಪುತ್ತಿಲ್ಲ ಅಂತ ಕೆಲಸ ನಿಲ್ಲಿಸಿ ಹಡಗಿನಲ್ಲೇ ಕೂತರು. ಹಡಗು ಬಂದರಿನಲ್ಲಿ ಕಟ್ಟಿ ನಿಂತಿತ್ತು, ಹೊಡೆದಾಟ ಇಲ್ಲ. ಕಂಪನಿ ಮಾಡಿದ್ದು ತಪ್ಪು ಅಂತ ಕಾರ್ಮಿಕ ಮಂಡಳಿಯೇ ಹೇಳಿತು. ಆದರೂ 1942ರಲ್ಲಿ ಕೋರ್ಟ್ ಐದು–ನಾಲ್ಕರ ತೀರ್ಪಿನಲ್ಲಿ, ದಡಕ್ಕೆ ಕಟ್ಟಿದ ಹಡಗಿನಲ್ಲಿ ಕೂತರೂ ಅದು ದಂಗೆಯ ಅಪರಾಧವೇ, ನೌಕರಿ ವಾಪಸ್ ಕೊಡಿಸಲು ಬರಲ್ಲ ಅಂದಿತು. ಒಂದು ವೋಟಿನ ಅಂತರ. ನನಗೆ ಆ ನಾಲ್ವರ ಕಡೆಯೇ ಸರಿ ಅನ್ನಿಸುತ್ತೆ.

ತಮ್ಮನ ವಿಷಯದಲ್ಲಿ ಇನ್ನೊಂದು ಗಂಟು ಇತ್ತು. ಹಡಗಿನ ಹಿಂಭಾಗದಲ್ಲಿ ಬರೆದಿದ್ದ ನೋಂದಣಿಯ ಊರು ಅವನು ಹಿಂದೆಂದೂ ಹೆಸರು ಕೇಳದ ಪುಟ್ಟ ದ್ವೀಪದೇಶದ್ದು. ಮಾಲೀಕ ಒಂದು ದೇಶದವನು, ಕ್ಯಾಪ್ಟನ್ ಇನ್ನೊಂದು, ಹುಡುಗರು ಮತ್ತೊಂದು. ಹಡಗಿನೊಳಗೆ ನಡೆಯುವುದು ಮುಖ್ಯವಾಗಿ ಬಾವುಟದ ದೇಶದ ಕಾನೂನು, ಬಂದರಿನ ನೀರಿಗೆ ಬಂದರೆ ಅಲ್ಲಿನದ್ದೂ ಸೇರುತ್ತೆ. ಅಂದರೆ ‘ಕೆಲಸ ನಿಲ್ಲಿಸಬಹುದಾ’ ಅನ್ನೋ ಪ್ರಶ್ನೆಗೆ ಉತ್ತರ ಹಡಗು ಎಲ್ಲಿ ನಿಂತಿದೆ ಅನ್ನೋದರ ಮೇಲೆ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ, ಅಂದರೆ ಐಟಿಎಫ್, ನಾವಿಕರಿಗೆ ಕೊಡುವ ಸಲಹೆಯೂ ಇದೇ: ಮುಷ್ಕರಕ್ಕೆ ಮೊದಲು ನಮ್ಮನ್ನು ಕೇಳಿ. ಎಷ್ಟೋ ದೇಶಗಳಲ್ಲಿ ಹಡಗು ಬಂದರಿನಲ್ಲಿ ಇರುವ ತನಕ ಮಾತ್ರ ಆ ಹಕ್ಕು.

ಹಾಗಾದರೆ ಮಾಡೋದೇನು? ‘ಕಾನೂನುಬದ್ಧ ಆಜ್ಞೆ’ ಅನ್ನೋ ಎರಡು ಪದ ಹಿಡಿದುಕೊಂಡೆವು. ಕಾವಲು, ಜನರೇಟರ್, ಬೆಂಕಿಯ ಪಂಪು, ಲಂಗರಿನ ಮೇಲಿನ ನಿಗಾ, ಇವುಗಳಿಗೆ ‘ಒಲ್ಲೆ’ ಅನ್ನಬಾರದು. ಅಂದರೆ ಕ್ಯಾಪ್ಟನ್ ಕೈಗೆ ಆಯುಧ ಕೊಟ್ಟ ಹಾಗೆ. (ಎಣ್ಣೆಯನ್ನು ಕದ್ದು ಸಮುದ್ರಕ್ಕೆ ಬಿಡು ಅಂದರೆ ಅದು ಕಾನೂನುಬದ್ಧ ಆಜ್ಞೆ ಅಲ್ಲ, ಅದಕ್ಕೆ ‘ಒಲ್ಲೆ’ ಅಂದರೆ ದಂಗೆಯೂ ಅಲ್ಲ.) ಇನ್ನು ಪಗಾರ ಕೇಳಿ ಎಂಟೂ ಮಂದಿ ಸಹಿ ಹಾಕಿದ ಪತ್ರ ಕೊಡುವುದು ಆಜ್ಞೆ ಮೀರಿದ ಹಾಗಲ್ಲ. ಪತ್ರ ಬರೆದರು. ಒಪ್ಪಂದದ ಪ್ರತಿ, ಯಾವ ತಿಂಗಳು ಎಷ್ಟು ಬಾಕಿ, ಉಳಿದ ನೀರು, ಅಕ್ಕಿ ಎಷ್ಟು, ಎಲ್ಲದರ ಫೋಟೋ ದಿನಾಂಕದ ಸಮೇತ. ನಮ್ಮ ಹಡಗು ಕಾನೂನಿನ ಪ್ರಕಾರ ನಾವಿಕನ ಮೇಲಿನ ಆರೋಪವನ್ನು ಅಧಿಕೃತ ಲಾಗ್ ಪುಸ್ತಕದಲ್ಲಿ ಬರೆದು ಅವನಿಗೆ ಓದಿ ಹೇಳಬೇಕು, ಅವನ ಉತ್ತರವನ್ನೂ ಅಲ್ಲೇ ದಾಖಲಿಸಬೇಕು. ‘ಏನಾದ್ರೂ ಬರದ್ರ ನಿನ್ನ ಉತ್ತರಾನೂ ಬರಸು, ಬರಿಯೋದಿಲ್ಲಂದ್ರ ಅದ್ನೂ ಮೇಲ್ ಹಾಕು’ ಅಂದೆ. ಕೋಡ್ ರಿವ್ಯೂ ಮಾಡಿ ಮಾಡಿ ನನಗೆ ಬಂದ ಒಂದೇ ಬುದ್ಧಿ ಅದು, ಇತಿಹಾಸ ಬರವಣಿಗೆಯಲ್ಲಿ ಇರಬೇಕು.

ಮೇಲ್ ಹೋದದ್ದು ಬಾವುಟದ ದೇಶಕ್ಕೆ, ಆ ಬಂದರಿನ ಅಧಿಕಾರಿಗಳಿಗೆ, ಮುಂಬೈಯ ಹಡಗು ಮಹಾನಿರ್ದೇಶನಾಲಯಕ್ಕೆ, ಐಟಿಎಫ್‌ಗೆ. ಹಿಡಿದ ಎಳೆ 2006ರ ಕಡಲ ಕಾರ್ಮಿಕ ಒಡಂಬಡಿಕೆ, ಭಾರತ ಅದನ್ನು 2015ರಲ್ಲಿ ಒಪ್ಪಿತು. 2017ರಲ್ಲಿ ಜಾರಿಯಾದ ಅದರ ತಿದ್ದುಪಡಿಯಲ್ಲಿ, ನಾವಿಕರನ್ನು ಮಾಲೀಕ ಕೈಬಿಡುವುದು ಅಂದರೇನು ಅಂತ ಬರೆದಿದ್ದಾರೆ. ಕನಿಷ್ಠ ಎರಡು ತಿಂಗಳ ಪಗಾರ ಕೊಡದೆ ಸಂಬಂಧ ಕಡಿದುಕೊಂಡರೆ ಸಾಕು. ಆಗ ಹಡಗಿನ ವಿಮೆಯವರು ನಾಲ್ಕು ತಿಂಗಳ ತನಕದ ಬಾಕಿ, ಊಟ, ನೀರು, ಊರಿಗೆ ವಾಪಸ್ ಬರುವ ಖರ್ಚು ಭರಿಸಬೇಕು. ತಮ್ಮನದು ಅಪರೂಪದ ಕಥೆ ಅಲ್ಲವೇ ಅಲ್ಲ. ಐಟಿಎಫ್ ಲೆಕ್ಕದಲ್ಲಿ 2024ರಲ್ಲಿ 312 ಹಡಗುಗಳಲ್ಲಿ 3,133 ನಾವಿಕರನ್ನು ಹೀಗೆ ಕೈಬಿಡಲಾಗಿತ್ತು. ದೇಶವಾರು ನೋಡಿದರೆ ಭಾರತೀಯರೇ ಎಲ್ಲರಿಗಿಂತ ಹೆಚ್ಚು, 899 ಮಂದಿ.

ಐದು ವಾರ ಹಿಡಿಯಿತು. ನಡುವೆ ಹಡಗಿನಲ್ಲಿ ತರಕಾರಿ ಮುಗಿದು ಬರೀ ಅನ್ನ, ಈರುಳ್ಳಿ. ಕಾಕು ದಿನಾ ಸಂಜೆ ಫೋನ್ ಮಾಡಿ “ಅವಂಗ ಜೈಲಿಗಿ ಹಾಕಂಗಿಲ್ಲಲ್ಲೋ ಯಪ್ಪಾ?” ಅಂತ ಅದನ್ನೇ ಕೇಳೋರು. ಪಗಾರದ ಮಾತು ಅವರ ಬಾಯಿಂದ ಒಂದು ಸಲವೂ ಬರಲಿಲ್ಲ. ಕೊನೆಗೆ ಮೂರು ತಿಂಗಳ ಪಗಾರ ಖಾತೆಗೆ ಬಂತು, ಟಿಕೆಟ್ಟೂ ಬಂತು. ಆ ಐದು ವಾರದ್ದು ಇನ್ನೂ ಬಾಕಿ. ಕೇಸು ಯಾರ ಮೇಲೂ ಆಗಲಿಲ್ಲ. ಹುಡುಗ ಈಗ ಬೇರೆ ಹಡಗಿಗೆ ಅರ್ಜಿ ಹಾಕ್ಲತ್ತಾನ. ಈ ಸಲ ಏಜೆಂಟನಿಗೆ ರೊಕ್ಕ ಕೊಟ್ಟಿಲ್ಲ, ಹಡಗು ಮಹಾನಿರ್ದೇಶನಾಲಯದ ಲೈಸೆನ್ಸ್ ಇರುವ ಕಂಪನಿ ಹೌದೋ ಅಲ್ಲವೋ ಅಂತ ಸರ್ಕಾರಿ ವೆಬ್‌ಸೈಟಿನಲ್ಲಿ ನೋಡಿಯೇ ಮುಂದಿನ ಮಾತು. ನೌಕರಿ ಕೊಡಿಸಲು ನಾವಿಕನಿಂದ ದುಡ್ಡು ವಸೂಲಿ ಮಾಡುವುದೇ ತಪ್ಪು ಅಂತ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ.

1958ರ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಹೊಸ ವಾಣಿಜ್ಯ ಹಡಗು ಕಾಯ್ದೆ ಪಾಸು ಮಾಡಿದೆ. ಹಾಗಾಗಿ ನಿಮ್ಮವರು ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ ಕಲಂ ನಂಬರುಗಳನ್ನು ಹೊಸದರಲ್ಲೇ ಹುಡುಕಿ.

ಓದಿದ್ದರಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕಾನೂನು ಬೇರೆಯೇ. 2017ರ ನೌಕಾಧಿಕರಣ ಕಾಯ್ದೆ, ಜಾರಿಗೆ ಬಂದದ್ದು 2018ರ ಏಪ್ರಿಲ್ 1ಕ್ಕೆ. ಇಬ್ಬರು ಸೇರಿ ಹಡಗು ನಿಲ್ಲಿಸಿದರೆ ಅಪರಾಧ ಅಂದೆನಲ್ಲ, ಈ ಕಾಯ್ದೆಯ ಪ್ರಕಾರ ಒಬ್ಬನೇ ಒಬ್ಬ ನಾವಿಕ ಪಗಾರ ಬಾಕಿ ಇದೆ ಅಂತ ಹೈಕೋರ್ಟಿಗೆ ಹೋಗಿ ಇಡೀ ಹಡಗನ್ನೇ ಅರೆಸ್ಟ್ ಮಾಡಿಸಬಹುದು. ಮಾಲೀಕನನ್ನಲ್ಲ, ಹಡಗನ್ನು. ಕೋರ್ಟಿನ ಆದೇಶ ಹಡಗಿಗೇ ಅಂಟಿಸ್ತಾರೆ, ಅದು ಬಂದರು ಬಿಟ್ಟು ಕದಲುವ ಹಾಗಿಲ್ಲ. ಹಡಗು ಮಾರಾಟವಾದರೆ ಕಡಲ ಹಕ್ಕುಗಳ ಸಾಲಿನಲ್ಲಿ ಮೊದಲು ನಿಲ್ಲುವುದು ನಾವಿಕರ ಪಗಾರ. ಈ ಅಧಿಕಾರ ಇರುವ ಹೈಕೋರ್ಟುಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು, ಹಾಗಾಗಿ ಹಡಗು ಮಂಗಳೂರಿಗೆ ಬಂದರೂ ಸಾಕು, ಕಾರವಾರಕ್ಕೆ ಬಂದರೂ ಸಾಕು. ಗಡುವು ಮಾತ್ರ ನೆನಪಿಡಿ. ಪಗಾರ ಆಗಬೇಕಿದ್ದ ದಿನದಿಂದ ಎರಡು ವರ್ಷ.